ವಿದುರಾಶ್ವತ್ಥಕ್ಕೆ ಬಂದವರು ಸಾಯೋಕೆ ಬಂದಿರಲಿಲ್ಲ

ನಂಬಿದ್ದಕ್ಕಾಗಿ ಪ್ರಾಣ ಕೊಡ್ತೀವಿ ಅಂತ ಮೈಕ್ ಹಿಡಿದು ಕೂಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಿಜವಾಗಿ ಪ್ರಾಣ ಹೋದ ಜಾಗ, ವಿದುರಾಶ್ವತ್ಥ, ನಮ್ಮ ಗೌರಿಬಿದನೂರಿನ ಪಕ್ಕದಲ್ಲೇ ಇದೆ, ಅದಕ್ಕೇ.

ಆಗ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ತ್ರಿವರ್ಣ ಧ್ವಜ ಹಾರಿಸೋ ಹಾಗಿರಲಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಆಯ್ತು, ಅದರ ಬಿಸಿ ಈ ಕಡೆಗೂ ತಟ್ಟಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಆ ಧ್ವಜ ಹಾರಿಸೋಕೆ ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಜನ ಅಂದಿತು ಸರ್ಕಾರ. ನಮ್ಮ ಕಡೆ ಹೇಳೋದು 32.

ಹುತಾತ್ಮ ಅಂದ ಕೂಡಲೇ ನಾವು ಸಾವನ್ನು ಹುಡುಕಿಕೊಂಡು ಹೋದವರನ್ನು ನೆನೆಸಿಕೊಳ್ಳುತ್ತೇವೆ. ಆದರೆ ಇಲ್ಲಿ ಸೇರಿದ್ದು ಹಳ್ಳಿ ಜನ. ಲಾಠಿ ಏಟು ಬೀಳಬಹುದು, ಜೈಲಿಗೆ ಹಾಕಬಹುದು ಅಂತ ಗೊತ್ತಿದ್ದವರು ಇದ್ದೇ ಇರುತ್ತಾರೆ. ಆದರೆ ಸಂಜೆ ಮನೆಗೆ ಹೋಗಿ ಮುದ್ದೆ ಉಣ್ಣಲ್ಲ ಅಂದುಕೊಂಡು ಹೊರಟವರು ಎಷ್ಟು ಜನ ಇದ್ದಾರು? ನನಗೆ ದೊಡ್ಡದಾಗಿ ಕಾಣೋದು ಅವರ ಸಾವಲ್ಲ, ಬೇಡ ಅಂದ ಜಾಗಕ್ಕೆ ಬರಿಗೈಯಲ್ಲಿ ಬಂದು ನಿಂತರಲ್ಲ, ಅದು.

ಸತ್ತ ಮಾತ್ರಕ್ಕೆ ನಂಬಿಕೆ ಸರಿ ಅಂತಾಗಲ್ಲ. ತಪ್ಪು ವಿಚಾರಕ್ಕೂ ಜನ ಖುಷಿಯಿಂದ ಸತ್ತಿದ್ದಾರೆ, ಜೊತೆಗೆ ನಾಲ್ಕು ಜನರನ್ನು ಸಾಯಿಸಿಯೂ ಸತ್ತಿದ್ದಾರೆ, ಅವರಿಗೂ ಒಂದಷ್ಟು ಜನ ಹಾರ ಹಾಕುತ್ತಾರೆ. ಹಾಗಾಗಿ ಯಾರನ್ನಾದರೂ ಹುತಾತ್ಮ ಅನ್ನೋ ಮೊದಲು ನಾನು ಕೇಳೋದು ಒಂದೇ: ಅವರು ಏನು ಕೇಳುತ್ತಿದ್ದರು, ಅದಕ್ಕೆ ಬೇರೆಯವರ ಪ್ರಾಣ ತೆಗೆದರಾ?

ಬ್ರಿಟಿಷರ ವಿರುದ್ಧ ಹೋರಾಡಿದ ಕ್ರಾಂತಿಕಾರಿ ಜತಿನ್ ದಾಸ್ ಲಾಹೋರ್ ಜೈಲಿನಲ್ಲಿ 63 ದಿನ ಉಪವಾಸ ಮಾಡಿ 1929ರ ಸೆಪ್ಟೆಂಬರ್ 13ರಂದು ತೀರಿಕೊಂಡರು. ಆಗ ಅವರಿಗೆ 24 ವರ್ಷ. ಆ ಉಪವಾಸದ ಬೇಡಿಕೆ ಓದಿದರೆ ಕರುಳು ಚುರ್ ಅನ್ನುತ್ತದೆ. ತಿನ್ನೋ ಹಾಗಿರುವ ಊಟ, ಓದೋಕೆ ಪುಸ್ತಕ, ಪೇಪರು, ರಾಜಕೀಯ ಕೈದಿಗಳನ್ನು ಮನುಷ್ಯರ ಹಾಗೆ ನೋಡಿಕೊಳ್ಳಬೇಕು ಅನ್ನೋದು. ಅಷ್ಟೇ. ವಿದುರಾಶ್ವತ್ಥದವರು ಕೇಳಿದ್ದೂ ಅಷ್ಟೇ ಅಲ್ವಾ, ಒಂದು ಬಾವುಟ ಏರಿಸೋಕೆ ಬಿಡಿ ಅಂತ. ಗುಂಡು ಹಾರಿದ ಮೇಲೆ ಕಾಂಗ್ರೆಸ್ ನಾಯಕರಾದ ಸರ್ದಾರ್ ಪಟೇಲರು, ಕೃಪಲಾನಿಯವರು ಮೈಸೂರಿಗೆ ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು, ಸಂಸ್ಥಾನದ ಬಾವುಟದ ಜೊತೆಗೆ ತ್ರಿವರ್ಣವನ್ನೂ ಹಾರಿಸಬಹುದು ಅಂತ ಒಪ್ಪಂದ ಆಯ್ತು. ಮಾತಲ್ಲೇ ಮುಗಿಯೋ ವಿಷಯಕ್ಕೆ ಮೊದಲು ಗುಂಡು ಯಾಕೆ ಬೇಕಿತ್ತು? ಈ ಪ್ರಶ್ನೆಯನ್ನು ನಾವು ಕೇಳೋದೇ ಇಲ್ಲ. ಬಲಿದಾನ ಅಂತ ಭಾಷಣ ಮಾಡಿದರೆ ಕೊಂದವರ ವಿಷಯ ಹಿಂದೆ ಸರಿದುಬಿಡುತ್ತದೆ.

ಮನೆಯವರ ವಿಷಯವಂತೂ ಯಾರಿಗೂ ನೆನಪಿಲ್ಲ. ಆ ವರ್ಷ ಆ ಮನೆಗಳ ಹೊಲ ಉತ್ತವರು ಯಾರು, ಮಕ್ಕಳನ್ನು ಸಾಕಿದವರು ಯಾರು ಅಂತ ನಾನು ತುಂಬಾ ಸಲ ಯೋಚಿಸಿದ್ದೇನೆ.

ವಿದುರಾಶ್ವತ್ಥದಲ್ಲಿ ಈಗ ಸಾಲು ಸಾಲು ನಾಗರಕಲ್ಲು, ಒಂದಕ್ಕೊಂದು ಒತ್ತಿಕೊಂಡು ನಿಂತಿವೆ, ಅರಿಶಿನ ಕುಂಕುಮ ಹಚ್ಚಿ ಹಚ್ಚಿ ಎಷ್ಟೋ ಕಲ್ಲುಗಳ ಹೆಡೆ ಕೂಡ ಸರಿಯಾಗಿ ಕಾಣಲ್ಲ. ಆಂಧ್ರದ ಕಡೆಯಿಂದಲೂ ಜನ ಬರುತ್ತಾರೆ. ಪೂಜೆ ಮುಗಿಸಿ ಹಾಗೇ ಬಸ್ ಹತ್ತಬೇಡಿ. ಅಲ್ಲೇ ವೀರಸೌಧ ಇದೆ, ಸ್ಮಾರಕ ಇದೆ. ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಯಾರು ಗುಂಡು ಹಾರಿಸಿದರು, ಯಾಕೆ ಹಾರಿಸಿದರು ಅನ್ನೋದನ್ನೂ ಬಿಡದೆ ಹೇಳಿ.