ಗಾಳಿಯನ್ನು ತಾನೇ ಎಳೆದುಕೊಳ್ಳುವ ಬೆಂಕಿ

ಮಾರ್ಚ್ ಬಂತೆಂದರೆ ನಮ್ಮ ಬದಿಯಡ್ಕ ಕಡೆಯ ಗುಡ್ಡೆಗಳಲ್ಲಿ ಮುಳಿಹುಲ್ಲು ಒಣಗಿ ನಿಂತಿರುತ್ತದೆ. ಒಂದು ಬೀಡಿ ತುಂಡು ಸಾಕು, ಬೆಂಕಿ ಗೇರುತೋಟದವರೆಗೆ ಓಡಿ ಬರುತ್ತದೆ. ಆದರೂ ಅದು ಗಾಳಿ ಬೀಸಿದತ್ತ ಹೋಗುವ ಬೆಂಕಿ. ನಾಲ್ಕು ಜನ ಸೇರಿದರೆ ಹಸಿಸೊಪ್ಪಿನಿಂದ ಬಡಿದು ಆರಿಸಬಹುದು.

ಬೆಂಕಿಯ ಬಿರುಗಾಳಿ ಹಾಗಲ್ಲ, ಗಾಳಿಯನ್ನು ಅದೇ ಹುಟ್ಟಿಸುತ್ತದೆ. ದೊಡ್ಡ ಜಾಗವೊಂದು ಒಟ್ಟಿಗೇ ಹೊತ್ತಿಕೊಂಡಾಗ ಕಾದ ಗಾಳಿ ರಭಸದಿಂದ ಮೇಲೇರುತ್ತದೆ. ತೆರವಾದಲ್ಲಿಗೆ ಸುತ್ತಲಿನ ಗಾಳಿ ನುಗ್ಗುತ್ತದೆ, ಉರಿ ಇನ್ನೂ ಏರುತ್ತದೆ. ಬಚ್ಚಲೊಲೆ ಚೆನ್ನಾಗಿ ಹಿಡಿದ ಮೇಲೆ ಬಾಯಿಯ ಹೊಗೆಯನ್ನೂ ಒಳಕ್ಕೇ ಎಳೆದುಕೊಳ್ಳುತ್ತದಲ್ಲ, ಅದೇ ಸೆಳೆತ, ಊರಗಲಕ್ಕೆ. 1943ರ ಜುಲೈ 27ರ ರಾತ್ರಿ ಬ್ರಿಟಿಷ್ ವಿಮಾನಗಳು ಬಾಂಬು ಹಾಕಿದಾಗ ಜರ್ಮನಿಯ ಹ್ಯಾಂಬರ್ಗಿನಲ್ಲಿ ಆದದ್ದು ಇದು. ಚಂಡಮಾರುತದಂಥ ಗಾಳಿಗೆ ಮರಗಳು ಬುಡಸಹಿತ ಕಿತ್ತುಬಂದವು. ನೆಲಮಾಳಿಗೆಯಲ್ಲಿ ಅಡಗಿದ್ದವರು ಬೆಂಕಿ ತಾಗದೆಯೂ ವಿಷಗಾಳಿಗೆ ಸತ್ತರು. ಆ ದಿನಗಳ ದಾಳಿಗಳಲ್ಲಿ ಪ್ರಾಣ ಬಿಟ್ಟವರು ಸುಮಾರು 40,000.

ಈ ಬೇಸಿಗೆಯಲ್ಲಿ ನಮ್ಮ ಗುಡ್ಡೆಗೆ ಬಿದ್ದ ಬೆಂಕಿ ಸಂಜೆಯೊಳಗೆ ಆರಿತು. ಉರಿ ಎದ್ದದ್ದು ಆಮೇಲೆ, ವಾಟ್ಸಾಪಿನಲ್ಲಿ. "ಬೇಕೆಂದೇ ಹಚ್ಚಿದ್ದು, ಯಾರೆಂದು ಗೊತ್ತಲ್ಲ" ಎಂಬ ಧ್ವನಿ ಸಂದೇಶ, ಕೊನೆಗೆ ಆಚೆ ಕೇರಿಯ ಇಬ್ಬರು ಹುಡುಗರ ಹೆಸರು. ಅವರಲ್ಲೊಬ್ಬ ಮಧ್ಯಾಹ್ನವಿಡೀ ನನ್ನ ಪಕ್ಕದಲ್ಲೇ ಗೇರುಸೊಪ್ಪಿನಿಂದ ಬೆಂಕಿ ಬಡಿದವನು. ಎಡಗಡೆಯ ಹುಬ್ಬು ಅರ್ಧ ಸುಟ್ಟುಹೋಗಿತ್ತು.

ರಾತ್ರಿ ನೆರೆಯವರೊಬ್ಬರು ಫೋನ್ ಮಾಡಿದರು. "ಮಾಷ್ಟ್ರೇ, ನಿಮಗೂ ಬಂತಾ? ನಾನಂತೂ ನಂಬಲಿಲ್ಲ. ಎಲ್ಲರಿಗೂ ಗೊತ್ತಿರಲಿ ಅಂತ ಕಳಿಸಿದೆ."

ನನ್ನನ್ನು ಕಂಗೆಡಿಸಿದ್ದು ಈ ಮಾತು. ನಂಬಿದವರು ಕಳಿಸಿದರು, ನಂಬದವರೂ ಕಳಿಸಿದರು. "ಎಂಥಾ ಅನ್ಯಾಯ ನೋಡಿ" ಎಂದು ಬೈದವರೂ ಅದನ್ನೇ ಲಗತ್ತಿಸಿ ಬೈದರು. ಊದುತ್ತಿದ್ದೇವೆಂದು ಯಾರಿಗೂ ಅನಿಸಲಿಲ್ಲ. ಎಲ್ಲ ಮತದವರೂ ಒಂದೇ ಬಸ್ಸಿಗೆ ಕಾಯುವ ಊರು ನಮ್ಮದು. ಇಲ್ಲಿ ಹೀಗೆ ಹೊತ್ತಿದ ಹೆಸರಿಗೆ ತಗಲುವ ಗಾಯ ಸಣ್ಣದಲ್ಲ.

ಗುಂಪಿನಲ್ಲಿ ನಾನು ಏನೂ ಬರೆಯಲಿಲ್ಲ. ಧ್ವನಿ ಯಾರದೆಂದು ಗುರುತು ಸಿಕ್ಕಿತ್ತು. ಬೆಳಿಗ್ಗೆ ಅವರ ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ನಾನು ಕಂಡದ್ದನ್ನು ಹೇಳಿದೆ. ಅವರು ಸಂದೇಶ ಅಳಿಸಿದರು. ಅಷ್ಟರಲ್ಲಿ ಅದು ಮಂಗಳೂರು ಮುಟ್ಟಿ ತಂಗಿಯ ಮಗಳಿಂದ ನನಗೇ ತಿರುಗಿ ಬಂದಿತ್ತು.

ಬರುವ ಡಿಸೆಂಬರಿನಲ್ಲಿ, ಹುಲ್ಲು ಪೂರ್ತಿ ಒಣಗುವ ಮೊದಲೇ, ಗುಡ್ಡೆಯ ಸುತ್ತ ಸವರಿ ಬೆಂಕಿರೇಖೆ ಹಾಕುವುದೆಂದು ಮಾತಾಗಿದೆ. ಆ ಇಬ್ಬರು ಹುಡುಗರೂ ಬರುತ್ತಾರೆ. ಆ ಧ್ವನಿ ಸಂದೇಶ ಮಾಡಿದವರನ್ನೂ ಕರೆದಿದ್ದೇನೆ. ಇನ್ನೂ ಹೂಂ ಎಂದಿಲ್ಲ.