ಗುಂಡಿ ಒತ್ತುವ ಪರೀಕ್ಷೆ

ಅಣ್ಣನಿಗೆ ಗ್ಲಾಕೋಮಾ, ಅಂದರೆ ಹೆಚ್ಚಾಗಿ ಕಣ್ಣೊಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ಕಾಯಿಲೆ, ಇದೆಯೆಂದು ತಿಳಿದಾಗ, ಒಡಹುಟ್ಟಿದವರೂ ತಪಾಸಣೆ ಮಾಡಿಸಿಕೊಳ್ಳಬೇಕೆಂದು ವೈದ್ಯೆ ಸೂಚಿಸಿದ್ದರಿಂದ ನಾನೂ ಆ ಮಬ್ಬು ಕೋಣೆಯಲ್ಲಿ ಕುಳಿತೆ. ಅಣ್ಣ ಅಲ್ಲಿಗೆ ಹೋದದ್ದು ಪೊರೆ ಬಂದಿರಬಹುದೆಂಬ ಅನುಮಾನದಿಂದ. ಪೊರೆ ಇದ್ದದ್ದೂ ನಿಜವೇ, ಆದರೆ ಅದನ್ನು ತೆಗೆದು ಕೃತಕ ಮಸೂರ ಕೂರಿಸಬಹುದು; ಅವನು ದೂರೇ ಹೇಳಿರದ ಈ ಇನ್ನೊಂದು ಕಾಯಿಲೆಯಲ್ಲಿ ಒಮ್ಮೆ ನಾಶವಾದ ದೃಷ್ಟಿನರದ ತಂತುಗಳು ಮರಳಿ ಬೆಳೆಯುವುದಿಲ್ಲ.

ಒಂದು ಕಣ್ಣು ಮುಚ್ಚಿ, ಗದ್ದವನ್ನು ಆನಿಸಿ, ಬಟ್ಟಲಿನಂತೆ ಬಾಗಿದ ಬಿಳಿ ಪರದೆಯ ನಡುವಿನ ದೀಪವನ್ನೇ ದಿಟ್ಟಿಸುತ್ತಿರಬೇಕು. ಸುತ್ತ ಎಲ್ಲಿಯಾದರೂ ಬೆಳಕಿನ ಚುಕ್ಕಿ ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಕೆಲವು ಚುಕ್ಕಿಗಳು ಎಷ್ಟು ಮಂದವೆಂದರೆ ಕಂಡದ್ದೋ ಕಲ್ಪಿಸಿಕೊಂಡದ್ದೋ ತಿಳಿಯುವುದಿಲ್ಲ, ಏನೂ ಕಾಣದ ಹೊತ್ತು ದೀರ್ಘವಾದಾಗ ದಿಗಿಲಾಗುತ್ತದೆ. ಪ್ರತಿ ಜಾಗದಲ್ಲೂ ನಮಗೆ ಕಾಣಬಲ್ಲ ಅತಿ ಕ್ಷೀಣ ಬೆಳಕನ್ನು ಯಂತ್ರ ಹುಡುಕುವುದರಿಂದ ಆರೋಗ್ಯವಂತರಿಗೂ ಎಷ್ಟೋ ಚುಕ್ಕಿಗಳು ಕಾಣುವುದಿಲ್ಲವೆಂದು ಸಹಾಯಕಿ ಆಮೇಲೆ ತಿಳಿಸಿದರು. ಮೊದಲೇ ತಿಳಿಸಬಹುದಿತ್ತು.

ಅಣ್ಣನ ಎಡಗಣ್ಣಿನ ನಕ್ಷೆಯಲ್ಲಿ ಮೂಗಿನ ಕಡೆಯ ಮೇಲ್ಭಾಗ ಕಪ್ಪಾಗಿತ್ತು. ಅಷ್ಟು ಭಾಗ ಹೋಗಿರುವುದು ಅವನ ಅರಿವಿಗೇ ಬಂದಿರಲಿಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಉಳಿದುದನ್ನು ಮೆದುಳು ಸುತ್ತಲಿನ ದೃಶ್ಯದಿಂದ ಊಹಿಸಿಕೊಳ್ಳುತ್ತದೆ. ಅಕ್ಷರಫಲಕ ಓದಿಸುವುದಷ್ಟೇ ಕಣ್ಣಿನ ತಪಾಸಣೆಯಾಗಿದ್ದರೆ ಇದು ಇನ್ನೂ ವರ್ಷಗಟ್ಟಲೆ ಸಿಗುತ್ತಿರಲಿಲ್ಲ.

ನನ್ನ ಕಣ್ಣಿನ ಒತ್ತಡ 19 ಇತ್ತು. 10ರಿಂದ 21 ಮಿಲಿಮೀಟರ್ ಪಾದರಸದವರೆಗೆ ಸಾಮಾನ್ಯವೆನ್ನುತ್ತಾರಾದರೂ ಆ ಮಿತಿಯೊಳಗಿದ್ದೂ ನರ ಹಾಳಾಗುವವರಿದ್ದಾರೆ. ಹಾಗಾಗಿ ವೈದ್ಯೆ ಪಾಪೆ ಹಿಗ್ಗಿಸುವ ಹನಿ ಹಾಕಿ, ನರ ಕಣ್ಣನ್ನು ಸೇರುವ ಜಾಗವನ್ನು ಪರಿಶೀಲಿಸಿದರು. ಸದ್ಯಕ್ಕೆ ತೊಂದರೆಯಿಲ್ಲ, ವರ್ಷಕ್ಕೊಮ್ಮೆ ಬರಬೇಕು. ಕಣ್ಣಿನ ತುರಿಕೆಗೆಂದು ಸ್ಟೀರಾಯ್ಡ್ ಹನಿಗಳನ್ನು ಯಾರನ್ನೂ ಕೇಳದೆ ಬಹುಕಾಲ ಬಳಸಿದರೂ ಒತ್ತಡ ಏರಬಹುದೆಂದು ಎಚ್ಚರಿಸಿದರು.

ಅಣ್ಣನಿಗೆ ಈಗ ಎರಡು ಬಗೆಯ ಹನಿಗಳಿವೆ. ಅವು ಒತ್ತಡ ಇಳಿಸಿ, ಉಳಿದಿರುವ ದೃಷ್ಟಿಯನ್ನು ಕಾಯುತ್ತವೆಯೇ ಹೊರತು ಹೋದದ್ದನ್ನು ತರುವುದಿಲ್ಲ. ಹಾಕಿಕೊಂಡಾಗ ಯಾವ ಸುಧಾರಣೆಯೂ ಅನುಭವಕ್ಕೆ ಬಾರದ ಕಾರಣ ಅನೇಕರು ನಡುವೆಯೇ ಬಿಟ್ಟುಬಿಡುತ್ತಾರೆ. ಅಣ್ಣ ಬಿಡಲಿಲ್ಲ, ಆದರೆ ಎರಡನ್ನೂ ಒಂದರ ಹಿಂದೊಂದು ಹಾಕಿಕೊಳ್ಳುತ್ತಿದ್ದ. ಹಾಗೆ ಮಾಡಿದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆಂದು ವೈದ್ಯೆ ವಿವರಿಸಿದ ಮೇಲೆ ನಡುವೆ ಐದು ನಿಮಿಷ ಬಿಡುತ್ತಾನೆ. ಔಷಧ ಮೂಗು ಗಂಟಲಿಗೆ ಇಳಿಯದಂತೆ, ಕಣ್ಣು ಮುಚ್ಚಿ ಮೂಗಿನ ಬದಿಯ ಮೂಲೆಯನ್ನು ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯುತ್ತಾನೆ.