ಇಷ್ಟುದ್ದ ಸೈಕಲ್, ತಿರುಗುತ್ತಾ?

ಸಿಗ್ನಲ್‌ನಲ್ಲಿ ಪಕ್ಕ ನಿಂತ ಸ್ಕೂಟರಿನವರು ಕೇಳುತ್ತಾರೆ. ಎಳನೀರು ಮಾರುವವರು ಕೇಳುತ್ತಾರೆ. ಮದುವೆ ಮನೆಯಲ್ಲಿ ಸಿಕ್ಕ ನೆಂಟರೂ ಫೋಟೋ ನೋಡಿ ಇದನ್ನೇ ಕೇಳುತ್ತಾರೆ. "ಇಷ್ಟುದ್ದ ಸೈಕಲ್, ತಿರುಗುತ್ತಾ?"

ತಿರುಗುತ್ತದೆ. ಆದರೆ ಮುಂದಿನ ಚಕ್ರವನ್ನು ಹಿಡಿದಿಡುವ ಕವಲು, ಅಂದರೆ ಫೋರ್ಕ್, ಒಂದು ಮಾಡಿ, ಕಿತ್ತು ಬಿಸಾಡಿ, ಇನ್ನೊಂದು ಮಾಡಿದ ಮೇಲೆ ತಿರುಗಿತು. ಆ ಕಥೆಯೇ ನನ್ನ ಉತ್ತರ.

ನನ್ನ ಸೈಕಲ್ಲಿನ ಎರಡು ಆಕ್ಸಲ್‌ಗಳ (ಚಕ್ರದ ನಡುವಿನ ಅಚ್ಚುಗಳ) ನಡುವೆ 1650 ಮಿ.ಮೀ. ಇದೆ. ಮಾಮೂಲಿ ಸೈಕಲ್ಲಿನಲ್ಲಿ ಇದು 1050ರ ಆಸುಪಾಸು. ಅಂದರೆ ನನ್ನದು ಸುಮಾರು ಎರಡಡಿ ಜಾಸ್ತಿ. ಸೀಟು ಹಿಂದಿನ ಚಕ್ರದ ಹತ್ತಿರ, ಪೆಡಲ್ ಮುಂದೆ, ಫೋರ್ಕ್ ಇನ್ನೂ ಮುಂದೆ ಚಾಚಿಕೊಂಡಿದೆ. ಈ ಹುಚ್ಚಿನ ಬೇರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ಅಲ್ಲಿನ ಹುಡುಗರು ಹಳೆಯ ಸೈಕಲ್‌ಗಳಿಗೆ ಎತ್ತರದ ಹ್ಯಾಂಡಲ್, ಬಾಳೆಹಣ್ಣಿನಂಥ ಉದ್ದ ಸೀಟು ಹಾಕಿಕೊಂಡು ಓಡಾಡುತ್ತಿದ್ದರು. ಅದನ್ನು ಗಮನಿಸಿದ ಶ್ವಿನ್ ಎಂಬ ಸೈಕಲ್ ಕಂಪನಿಯ ಆಲ್ ಫ್ರಿಟ್ಜ್ 1963ರಲ್ಲಿ ಸ್ಟಿಂಗ್-ರೇ ಎಂಬ ಸೈಕಲ್ ತಂದರು. ಮನೆಯಲ್ಲೇ ಕತ್ತರಿಸಿ ಬೆಸೆದು ಸೈಕಲ್ ಉದ್ದ ಮಾಡುವ ಆಸೆ ಅಲ್ಲಿಂದ ಎಲ್ಲ ಕಡೆ ಹರಡಿತು. ನನಗೂ ಅಂಟಿತು.

ಮೊದಲ ಸಲ ನಾನು ನೋಡಿದ್ದು ಅಂದ ಮಾತ್ರ. ಹ್ಯಾಂಡಲ್ ಕೂರುವ ಹೆಡ್ ಪೈಪನ್ನು ನೆಲಕ್ಕೆ 55 ಡಿಗ್ರಿಗೆ ಮಲಗಿಸಿದೆ. ಮಾಮೂಲಿ ಸೈಕಲ್ಲಿನಲ್ಲಿ ಅದು 70ರಿಂದ 72 ಇರುತ್ತದೆ. ಅದೇ ಗೆರೆಯಲ್ಲಿ ನೇರವಾದ ಉದ್ದ ಫೋರ್ಕ್ ಹಾಕಿದೆ. ನೋಡಲು ಬಾಣದ ಹಾಗಿತ್ತು. ನೇರ ರಸ್ತೆಯಲ್ಲಿ ವೇಗವಾಗಿ ಹೋದರೆ ಹಳಿಯ ಮೇಲೆ ಹೋದಷ್ಟು ಗಟ್ಟಿ. ಮನೆಯ ತಿರುವಿನಲ್ಲಿ ನಿಧಾನ ಮಾಡಿದೆ ನೋಡಿ, ಹ್ಯಾಂಡಲ್ ನನ್ನ ಕೈಯಿಂದ ಕಿತ್ತುಕೊಂಡು ಎಡಕ್ಕೆ ಬಿತ್ತು. ಅದರ ಜೊತೆ ನಾನೂ ಬಿದ್ದೆ. ಮೊಣಕೈ ವಾಸಿಯಾಗಲು ಮೂರು ವಾರ ಹಿಡಿಯಿತು. ಆ ಮೂರು ವಾರ ನಾನು ಲೆಕ್ಕ ಕಲಿತೆ.

ಲೆಕ್ಕ ಇರುವುದು ನೆಲದ ಮೇಲಿನ ಎರಡು ಚುಕ್ಕೆಗಳಲ್ಲಿ. ಹೆಡ್ ಪೈಪಿನೊಳಗಿಂದ ಒಂದು ಗೆರೆ ಎಳೆದು ಅದನ್ನು ನೆಲದವರೆಗೆ ತನ್ನಿ. ಅದು ನೆಲ ಮುಟ್ಟುವ ಜಾಗ ಒಂದು ಚುಕ್ಕೆ. ಮುಂದಿನ ಟೈರು ನೆಲ ಮುಟ್ಟುವ ಜಾಗ ಇನ್ನೊಂದು. ಟೈರಿನ ಚುಕ್ಕೆ ಗೆರೆಯ ಚುಕ್ಕೆಗಿಂತ ಹಿಂದೆ ಇರಬೇಕು. ಆಫೀಸ್ ಕುರ್ಚಿಯ ಗಾಲಿ ನೆನಪಿಸಿಕೊಳ್ಳಿ. ಕುರ್ಚಿ ತಳ್ಳಿದ ಕಡೆ ಗಾಲಿ ತಾನಾಗಿ ಹಿಂಬಾಲಿಸುತ್ತದೆ, ಅಲ್ವಾ? ಸೈಕಲ್ಲಿನ ಮುಂದಿನ ಚಕ್ರವೂ ಹಾಗೆಯೇ ಹಿಂಬಾಲಿಸುತ್ತದೆ. ಎರಡು ಚುಕ್ಕೆಗಳ ನಡುವಿನ ಈ ದೂರಕ್ಕೆ ಟ್ರೇಲ್ ಅನ್ನುತ್ತಾರೆ.

26 ಇಂಚಿನ ದಪ್ಪ ಟೈರಿನ ಚಕ್ರದ ತ್ರಿಜ್ಯ ಸುಮಾರು 330 ಮಿ.ಮೀ. ಹೆಡ್ ಪೈಪ್ 72 ಡಿಗ್ರಿ ಇದ್ದು, ಆಕ್ಸಲ್ ಆ ಗೆರೆಗಿಂತ 45 ಮಿ.ಮೀ. ಮುಂದೆ ಇದ್ದರೆ ಟ್ರೇಲ್ 60 ಬರುತ್ತದೆ. ಆಕ್ಸಲ್ ಹೀಗೆ ಮುಂದೆ ಇರುವ ದೂರ ಆಫ್‌ಸೆಟ್. ತ್ರಿಜ್ಯವನ್ನು ಕೋನದ ಕೊಸೈನಿನಿಂದ ಗುಣಿಸಿ, ಆಫ್‌ಸೆಟ್ ಕಳೆಯಿರಿ, ಉಳಿದದ್ದನ್ನು ಸೈನಿನಿಂದ ಭಾಗಿಸಿ. ಪಿಯುಸಿಯಲ್ಲಿ ಓದಿದ ಅದೇ ಸೈನ್, ಕಾಸ್. ನನ್ನ ಮೊದಲ ಫೋರ್ಕಿಗೆ ಆಫ್‌ಸೆಟ್ ಸೊನ್ನೆ. ಲೆಕ್ಕ ಹಾಕಿದರೆ ಟ್ರೇಲ್ 231!

ಟ್ರೇಲ್ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಎಂದು ಕೆಲವರು ಕೇಳುತ್ತಾರೆ. ವೇಗದಲ್ಲಿ ಹೌದು. ನಿಧಾನದಲ್ಲಿ ಅದೇ ಶತ್ರು. ಮಲಗಿದ ಫೋರ್ಕನ್ನು ತಿರುಗಿಸಿದಾಗ ಸೈಕಲ್ಲಿನ ಮೂತಿ ಕೆಳಗಿಳಿಯುತ್ತದೆ. ಮೇಲಿನ ಭಾರ ಕೆಳಕ್ಕೆ ಜಾರಲು ನೋಡುತ್ತದೆ, ಹ್ಯಾಂಡಲ್ಲನ್ನು ಇನ್ನಷ್ಟು ತಿರುಗಿಸುತ್ತದೆ. ಇದಕ್ಕೆ ಫ್ಲಾಪ್ ಎಂದು ಹೆಸರು. ಟ್ರೇಲನ್ನು ಸೈನ್, ಕೊಸೈನ್ ಎರಡರಿಂದಲೂ ಗುಣಿಸಿದರೆ ಸಿಗುತ್ತದೆ. ಮಾಮೂಲಿ ಸೈಕಲ್ಲಿಗೆ 18 ಮಿ.ಮೀ. ಆಸುಪಾಸು. ನನ್ನದಕ್ಕೆ 109. ಆರು ಪಟ್ಟು! ಕೈಯಲ್ಲಿ ಹಿಡಿದು ನಿಲ್ಲಿಸಲು ಆಗದಿದ್ದುದು ಅದಕ್ಕೇ.

ಇಲ್ಲಿ ತುಂಬಾ ಜನ ಎಡವುತ್ತಾರೆ. ಫೋರ್ಕನ್ನು ಮುಂದಕ್ಕೆ ಬಾಗಿಸಿದರೆ ತೊಂದರೆ ಇನ್ನೂ ಹೆಚ್ಚುತ್ತದೆ ಅಂದುಕೊಳ್ಳುತ್ತಾರೆ. ನಿಜ ಅದರ ಉಲ್ಟಾ. ಹೆಡ್ ಪೈಪ್ ಮಲಗಿಸಿದಷ್ಟೂ ಟ್ರೇಲ್ ಏರುತ್ತದೆ. ಆಕ್ಸಲ್ಲನ್ನು ಗೆರೆಯಿಂದ ಮುಂದೆ ತಳ್ಳಿದಷ್ಟೂ ಇಳಿಯುತ್ತದೆ. ನಾನು 80 ಮಿ.ಮೀ. ಟ್ರೇಲ್ ಬೇಕೆಂದು ಮೊದಲು ತೀರ್ಮಾನಿಸಿದೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಆಫ್‌ಸೆಟ್ 124 ಬಂತು. ಮೇಲೊಂದು ಕೆಳಗೊಂದು ದಪ್ಪ ಪ್ಲೇಟ್ ಮಾಡಿಸಿ, ಫೋರ್ಕಿನ ಕಾಲುಗಳನ್ನು ಹೆಡ್ ಪೈಪಿನ ಗೆರೆಗಿಂತ ಅಷ್ಟು ಮುಂದೆ ಕೂರಿಸಿದೆ. ಫ್ಲಾಪ್ 38ಕ್ಕೆ ಇಳಿಯಿತು. ಮಾಮೂಲಿಗಿಂತ ಎರಡು ಪಟ್ಟು, ಆದರೆ ಕೈಗೆ ಬಗ್ಗುತ್ತದೆ. ದೂರದಿಂದ ನೋಡಿದರೆ ಎರಡೂ ಫೋರ್ಕ್ ಒಂದೇ ಥರ ಕಾಣುತ್ತವೆ.

ಹಾಗಂತ ಆಫ್‌ಸೆಟ್ ಏರಿಸುತ್ತಾ ಹೋಗಬೇಡಿ. ಟೈರಿನ ಚುಕ್ಕೆ ಗೆರೆಯ ಚುಕ್ಕೆಯನ್ನು ದಾಟಿ ಮುಂದೆ ಹೋದರೆ ಕಥೆ ಬೇರೆ. ಡೇವಿಡ್ ಜೋನ್ಸ್ ಎಂಬ ಬ್ರಿಟಿಷ್ ವಿಜ್ಞಾನಿ ಓಡಿಸಲಾಗದ ಸೈಕಲ್ ಮಾಡಬೇಕೆಂದೇ ಹೊರಟು, ಪಟ್ಟ ಪಾಡನ್ನು 1970ರಲ್ಲಿ ಬರೆದರು. ಫೋರ್ಕನ್ನು ಹಿಂದುಮುಂದು ಮಾಡಿ ಟ್ರೇಲ್ ಹೆಚ್ಚಿಸಿದ ಸೈಕಲ್ ಸವಾರ ಇಲ್ಲದೆಯೂ ಚೆನ್ನಾಗಿ ಓಡಿತು. ಚಕ್ರವನ್ನು ತೀರಾ ಮುಂದಕ್ಕೆ ತಳ್ಳಿದ ಸೈಕಲ್ ಕೈಬಿಟ್ಟ ಕೂಡಲೇ ಬಿತ್ತು. ಆದರೆ 2011ರಲ್ಲಿ ಕಾರ್ನೆಲ್ ಮತ್ತು ಡೆಲ್ಫ್ಟ್ ವಿಶ್ವವಿದ್ಯಾಲಯಗಳ ತಂಡ ಟ್ರೇಲ್ ಸೊನ್ನೆಗಿಂತ ತುಸು ಕಡಿಮೆ ಇದ್ದರೂ ತಾನಾಗಿ ನಿಲ್ಲುವ ಒಂದು ಪುಟ್ಟ ಯಂತ್ರ ಮಾಡಿ ತೋರಿಸಿತು. ಭಾರ ಎಲ್ಲಿ ಕೂತಿದೆ ಅನ್ನುವುದೂ ಅಷ್ಟೇ ಮುಖ್ಯ ಎಂದು ಅದರಿಂದ ತಿಳಿಯಿತು. ನನಗೆ ಅದನ್ನು ಓದಿ ಒಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು, ತೂಕ ನೋಡುವ ಮೆಷಿನ್ ಒಂದನ್ನು ಮುಂದಿನ ಚಕ್ರದ ಕೆಳಗಿಟ್ಟು ಸೈಕಲ್ ಮೇಲೆ ಕೂತೆ. ನಾನೂ ಸೈಕಲ್ಲೂ ಸೇರಿ 99 ಕಿಲೋ. ಮುಂದಿನ ಚಕ್ರದ ಮೇಲೆ ಬರೀ 33. ಮುಂದೆ ಭಾರ ಕಡಿಮೆ ಇರುವುದರಿಂದ ಹ್ಯಾಂಡಲ್ ಬೀಳುವ ಜೋರು ಕಡಿಮೆ. ಆದರೆ ಮರಳಿನಲ್ಲಿ ಮುಂದಿನ ಟೈರು ಬೇಗ ಜಾರುತ್ತದೆ. ಆದ್ದರಿಂದ ಹಿಂದಿನ ಬ್ರೇಕಿಗೆ ಒಳ್ಳೆಯ ಶೂ ಹಾಕಿದ್ದೇನೆ.

ಈಗ ಆ ಪ್ರಶ್ನೆಗೆ ನೇರ ಉತ್ತರ. ಹ್ಯಾಂಡಲ್ಲನ್ನು 30 ಡಿಗ್ರಿ ತಿರುಗಿಸಿದರೆ ಮಾಮೂಲಿ ಸೈಕಲ್ಲಿನ ಹಿಂದಿನ ಚಕ್ರ ಸುಮಾರು 3.8 ಮೀಟರ್ ಅಗಲದ ವೃತ್ತ ಬಿಡಿಸುತ್ತದೆ. ನನ್ನದು 7 ಮೀಟರ್. ಉದ್ದ ಒಂದೇ ಕಾರಣ ಅಲ್ಲ. ಮಲಗಿದ ಹೆಡ್ ಪೈಪ್ ಕೂಡ ತಿರುವನ್ನು ತಿನ್ನುತ್ತದೆ. ಕೈ 30 ಡಿಗ್ರಿ ತಿರುಗಿದರೂ ಟೈರು ನೆಲದ ಮೇಲೆ ತಿರುಗುವುದು 25 ಅಷ್ಟೇ. ನಮ್ಮ ಬಡಾವಣೆಯ 20 ಅಡಿ ರಸ್ತೆ ಅಂದರೆ 6 ಮೀಟರ್. ಅಲ್ಲಿ ಯು-ಟರ್ನ್ ಮಾಡಲು ಹ್ಯಾಂಡಲ್ಲನ್ನು 45 ಡಿಗ್ರಿಯವರೆಗೆ ಎಳೆಯಬೇಕು. ಆಗ ಹಿಂದಿನ ಚಕ್ರದ ವೃತ್ತ 4 ಮೀಟರಿಗೆ ಇಳಿಯುತ್ತದೆ. ಅದಕ್ಕೇ ಹ್ಯಾಂಡಲ್ ಅಗಲ ಇಡುವ ಮೊದಲು ಸೀಟಿನಲ್ಲಿ ಕೂತು, ಪೂರ್ತಿ ತಿರುಗಿಸಿ, ಮೊಣಕಾಲಿಗೆ ತಾಗುತ್ತದೆಯೇ, ಹೊರಗಿನ ಕೈ ಎಟುಕುತ್ತದೆಯೇ ಅಂತ ನೋಡಲೇಬೇಕು. ನನ್ನ ಹ್ಯಾಂಡಲ್ ಎರಡು ಸಲ ಮೊಟಕಾಯಿತು.

ಫ್ರೇಮಿನ ವಿಷಯ. ಉದ್ದ ಪೈಪು ತಿರುಚಿಕೊಳ್ಳುತ್ತದೆ. ಮುಂದಿನ ಚಕ್ರ ಒಂದು ಕಡೆ, ಹಿಂದಿನದು ಒಂದು ಕಡೆ ವಾಲಿದರೆ ಯಾವ ಕೋನದ ಲೆಕ್ಕವೂ ಉಪಯೋಗಕ್ಕೆ ಬರುವುದಿಲ್ಲ. ಪೈಪಿನ ಗೋಡೆ ದಪ್ಪ ಮಾಡುವುದಕ್ಕಿಂತ ವ್ಯಾಸ ಹೆಚ್ಚಿಸಿ. 28.6 ಮಿ.ಮೀ. ಬದಲು 38ರ ಪೈಪು ಹಾಕಿದರೆ, ಗೋಡೆ ಅಷ್ಟೇ ಇದ್ದರೂ ತಿರುಚುವಿಕೆಗೆ ಎರಡೂಕಾಲು ಪಟ್ಟಿಗಿಂತ ಗಟ್ಟಿ. ತೂಕ ಏರುವುದು ಮೂರನೇ ಒಂದು ಪಾಲು ಮಾತ್ರ. ಫೋರ್ಕಿನ ಬುಡಕ್ಕೆ ಬೀಳುವ ಬಾಗುವ ಬಲ ನನ್ನ ಸೈಕಲ್ಲಿನಲ್ಲಿ ಮಾಮೂಲಿಯ ಮೂರು ಪಟ್ಟು. ಅಲ್ಲಿ ಕಂಜೂಸಿ ಮಾಡಲೇಬಾರದು. ಬೆಸುಗೆ ಚೆನ್ನಾಗಿ ಬಲ್ಲವರ ಹತ್ತಿರವೇ ಹೋಗಿ.

ಚೈನಿನ ಬಗ್ಗೆ ಒಂದು ಸಣ್ಣ ಮಾತು. ಹಿಂಭಾಗವನ್ನು ಸರಿಯಾಗಿ 12 ಇಂಚು ಉದ್ದ ಮಾಡಿ. ಮೇಲೆ 12, ಕೆಳಗೆ 12, ಒಟ್ಟು 24 ಇಂಚು. ಚೈನಿನ ಕೊಂಡಿ ಅರ್ಧ ಇಂಚು. ಸರಿಯಾಗಿ 48 ಕೊಂಡಿ ಸೇರಿಸಿದರೆ ಆಯಿತು. ನಾನು ಮೊದಲು ಸುಮ್ನೆ 310 ಮಿ.ಮೀ. ಇಟ್ಟು, ಚಕ್ರ ಹಿಂದೆ ಮುಂದೆ ಎಳೆದು ಸಾಕಾಗಿದ್ದೆ.

ಈಗ ಇನ್ನೊಂದು ಸೈಕಲ್ ಶುರು ಮಾಡಿದ್ದೇನೆ. ಸದ್ಯಕ್ಕೆ ಅದು ಮಹಡಿಯ ನೆಲದ ಮೇಲೆ ಸೀಮೆಸುಣ್ಣದ ಗೆರೆ, ನಿಜವಾದ ಅಳತೆಯಲ್ಲೇ. ಹೆಡ್ ಪೈಪ್ 62 ಡಿಗ್ರಿ, ಉದ್ದ 1500, ಟ್ರೇಲ್ 75, ಹಾಗಾಗಿ ಆಫ್‌ಸೆಟ್ 89. ಎರಡು ಚುಕ್ಕೆಗಳನ್ನು ದಪ್ಪವಾಗಿ ಬರೆದಿದ್ದೇನೆ. ಮಳೆ ಬಂದರೆ ಅಳಿಸಿಹೋಗುತ್ತದೆಂದು ಮೇಲೆ ಟಾರ್ಪಾಲು ಹಾಸಿದ್ದೇನೆ. ಪೈಪು ಇನ್ನೂ ತಂದಿಲ್ಲ.